ವೈರ್‌ಲೆಸ್ ಮೌಸ್, ಕೀಬೋರ್ಡ್ ಕೈಕೊಟ್ಟರೆ: ದೋಷ ಎಲ್ಲಿದೆ ಎಂದು ಹಿಡಿಯುವ ಬಗೆ

ಕರ್ಸರ್ ತಡೆದು ತಡೆದು ಓಡುತ್ತದೆ. ಟೈಪ್ ಮಾಡಿದ ಅಕ್ಷರಗಳಲ್ಲಿ ಒಂದೆರಡು ಮಾಯವಾಗುತ್ತವೆ, ಇಲ್ಲವೇ ಒಂದೇ ಅಕ್ಷರ ಸಾಲುಗಟ್ಟಲೆ ಬೀಳುತ್ತದೆ. ಹೀಗಾದಾಗ ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ: ಸೆಲ್ ಬದಲಿಸುವುದು, ಅದಕ್ಕೂ ಜಗ್ಗದಿದ್ದರೆ ಹೊಸ ಸೆಟ್ ತರುವುದು. ಹೊಸ ಸೆಟ್ ಬಂದ ಮೇಲೂ ತೊಂದರೆ ಹಾಗೇ ಉಳಿಯುವುದುಂಟು. ಏಕೆಂದರೆ ಎಷ್ಟೋ ಸಲ ದೋಷ ಮೌಸ್‌ನಲ್ಲಿ ಇರುವುದೇ ಇಲ್ಲ, ರಿಸೀವರ್ ಚುಚ್ಚಿದ ಜಾಗದಲ್ಲಿ ಇರುತ್ತದೆ. ಆದ್ದರಿಂದ ಯಾವುದನ್ನೂ ಬದಲಿಸುವ ಮೊದಲು ದೋಷ ಯಾವ ಕಡೆ ಇದೆ ಎಂದು ಬೇರ್ಪಡಿಸಿಕೊಳ್ಳಬೇಕು. ಅದಕ್ಕೆ ಐದು ನಿಮಿಷ ಸಾಕು.

ಇಲ್ಲಿ ಹೇಳಿರುವುದು ಮನೆಯ ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪ್ ಜೊತೆ ಬಳಸುವ ಎರಡು ಬಗೆಯ ಸಾಧನಗಳ ಬಗ್ಗೆ. ಒಂದು, ಚಿಕ್ಕ ಯುಎಸ್‌ಬಿ ರಿಸೀವರ್, ಅಂದರೆ ಡಾಂಗಲ್, ಜೊತೆಗೆ ಬರುವಂಥದ್ದು. ಇನ್ನೊಂದು, ಡಾಂಗಲ್ ಇಲ್ಲದೆ ಬ್ಲೂಟೂತ್‌ನಲ್ಲಿ ಜೋಡಿಯಾಗುವಂಥದ್ದು. ಮೆನು ಹೆಸರುಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ.

ಮೊದಲು ಬೇರ್ಪಡಿಸಿ

ಕೀಬೋರ್ಡ್ ಮತ್ತು ಮೌಸ್ ಎರಡಕ್ಕೂ ಒಂದೇ ಡಾಂಗಲ್ ಇರುವ ಸೆಟ್ ನಿಮ್ಮದಾಗಿದ್ದರೆ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಎರಡೂ ಒಟ್ಟಿಗೆ ನಿಂತರೆ ಡಾಂಗಲ್, ಪೋರ್ಟ್ ಅಥವಾ ಕಂಪ್ಯೂಟರ್ ಕಡೆ ನೋಡಿ. ಎರಡರ ಸೆಲ್ಲೂ ಒಂದೇ ಗಳಿಗೆಯಲ್ಲಿ ಮುಗಿಯುವುದು ಅಪರೂಪ. ಒಂದು ಮಾತ್ರ ನಿಂತರೆ ಡಾಂಗಲ್ ಸರಿಯಾಗಿದೆ, ನಿಂತ ಸಾಧನವನ್ನೇ ಪರೀಕ್ಷಿಸಿ.

ಮುಂದಿನ ಪರೀಕ್ಷೆಗೆ ಆಂಡ್ರಾಯ್ಡ್ ಫೋನ್ ಮತ್ತು ಒಂದು ಓಟಿಜಿ ಅಡಾಪ್ಟರ್, ಅಂದರೆ ಫೋನ್‌ಗೆ ಯುಎಸ್‌ಬಿ ಸಾಧನ ಚುಚ್ಚಲು ಬಳಸುವ ಪುಟ್ಟ ಜೋಡಕ, ಬೇಕು. ಡಾಂಗಲನ್ನು ಕಂಪ್ಯೂಟರ್‌ನಿಂದ ತೆಗೆದು ಫೋನ್‌ಗೆ ಚುಚ್ಚಿ. ಕೆಲವು ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಓಟಿಜಿ ಆನ್ ಮಾಡಬೇಕಾಗುತ್ತದೆ. ಮೌಸ್ ಅಲುಗಿಸಿದರೆ ಫೋನ್ ಪರದೆಯ ಮೇಲೆ ಬಾಣದ ಗುರುತು ಮೂಡಬೇಕು, ಕೀಬೋರ್ಡ್‌ನಿಂದ ಮೆಸೇಜ್ ಪೆಟ್ಟಿಗೆಯಲ್ಲಿ ಟೈಪ್ ಆಗಬೇಕು. ಫೋನ್‌ನಲ್ಲಿ ನುಣ್ಣಗೆ ಓಡಿದರೆ ಮೌಸ್, ಸೆಲ್, ಡಾಂಗಲ್ ಮೂರೂ ಸರಿಯಾಗಿವೆ. ತಪ್ಪು ಕಂಪ್ಯೂಟರ್‌ನದ್ದು ಅಥವಾ ಡಾಂಗಲ್ ಇದ್ದ ಜಾಗದ್ದು. ಫೋನ್‌ನಲ್ಲೂ ಅದೇ ತಡವರಿಕೆ ಇದ್ದರೆ ಕಂಪ್ಯೂಟರ್ ಸೆಟ್ಟಿಂಗ್ ಕೆದಕಿ ಸಮಯ ಹಾಳುಮಾಡಬೇಡಿ.

ಮನೆಯಲ್ಲಿ ಹಳೆಯ ವೈರ್ ಮೌಸ್ ಒಂದಿದ್ದರೆ ಎಸೆಯಬೇಡಿ. ಅದನ್ನು ಅದೇ ಪೋರ್ಟ್‌ಗೆ ಚುಚ್ಚಿದಾಗ ಅದೂ ಓಡದಿದ್ದರೆ ಪೋರ್ಟ್ ಅಥವಾ ವಿಂಡೋಸ್ ದೋಷ ಎಂದು ಖಚಿತವಾಯಿತು. ವೈರ್ ಮೌಸ್ ಇಲ್ಲದಿದ್ದರೂ ಕೆಲಸ ನಿಲ್ಲಬೇಕಿಲ್ಲ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್ ಮತ್ತು ನಮ್ ಲಾಕ್ ಮೂರನ್ನೂ ಒಟ್ಟಿಗೆ ಒತ್ತಿ ಎಂಟರ್ ಕೊಟ್ಟರೆ ಮೌಸ್ ಕೀಸ್ ಆನ್ ಆಗುತ್ತದೆ. ಆಗ ಬಲಬದಿಯ ಅಂಕಿ ಕೀಗಳಿಂದಲೇ ಕರ್ಸರ್ ಸರಿಸಬಹುದು. ಕೀಬೋರ್ಡ್ ಸತ್ತಿದ್ದರೆ ಲಾಗಿನ್ ಪರದೆಯ ಬಲ ಮೂಲೆಯ ಆಕ್ಸೆಸಿಬಿಲಿಟಿ ಚಿತ್ರ ಒತ್ತಿ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು ಪಾಸ್‌ವರ್ಡ್ ಹಾಕಿ.

ಸೆಲ್

ಕೆಳಗಿನ ದೀಪ ಉರಿಯುತ್ತಿದೆ, ಹಾಗಾಗಿ ಸೆಲ್ ಚೆನ್ನಾಗಿದೆ ಎಂದುಕೊಳ್ಳುವುದು ತಪ್ಪು. ಒಂದೇ ಪೆನ್ಸಿಲ್ ಸೆಲ್ ಹಾಕುವ ಮೌಸ್‌ನೊಳಗೆ ವೋಲ್ಟೇಜ್ ಏರಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಸೆಲ್ ಸೊರಗಿದಾಗಲೂ ದೀಪಕ್ಕೆ ಬೇಕಾದಷ್ಟು ವಿದ್ಯುತ್ ಸಿಗುತ್ತದೆ, ಆದರೆ ರೇಡಿಯೋ ಸಂಕೇತ ಕಳಿಸುವ ಕ್ಷಣದಲ್ಲಿ ಎಳೆತ ಹೆಚ್ಚಾಗಿ ವೋಲ್ಟೇಜ್ ಕುಸಿಯುತ್ತದೆ. ಪರಿಣಾಮವಾಗಿ ಹತ್ತಿರದಿಂದ ಮೌಸ್ ಕೆಲಸ ಮಾಡುತ್ತದೆ, ಎರಡು ಅಡಿ ದೂರ ಹೋದರೆ ತಡವರಿಸುತ್ತದೆ.

ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್ ರೇಂಜ್‌ನಲ್ಲಿ ಅಳೆಯಿರಿ. ಹೊಸ ಆಲ್ಕಲೈನ್ ಸೆಲ್ 1.5ರಿಂದ 1.6 ವೋಲ್ಟ್ ತೋರಿಸುತ್ತದೆ. 1.3ರ ಹತ್ತಿರ ಬಂದರೆ ಅರ್ಧಕ್ಕಿಂತ ಹೆಚ್ಚು ಮುಗಿದಿದೆ ಎಂದು ತಿಳಿಯಿರಿ; 1.2ಕ್ಕಿಂತ ಕೆಳಗಿದ್ದರೆ ಬದಲಿಸಿ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಲೆಕ್ಕ ಬೇರೆ. ಅವುಗಳ ನಿಗದಿತ ವೋಲ್ಟೇಜೇ 1.2. ಹೆಚ್ಚಿನ ಮೌಸ್‌ಗಳು ಅವುಗಳಲ್ಲಿ ಸರಿಯಾಗಿಯೇ ಓಡುತ್ತವೆ, ಆದರೆ ಪೂರ್ತಿ ಚಾರ್ಜ್ ಇದ್ದಾಗಲೂ ಬ್ಯಾಟರಿ ಕಡಿಮೆ ಎಂಬ ಸೂಚನೆ ಬರಬಹುದು. ಅದನ್ನು ನಂಬಬೇಡಿ. ಯುಎಸ್‌ಬಿ ಕಿಂಡಿ ಇರುವ 1.5 ವೋಲ್ಟ್‌ನ ಲಿಥಿಯಂ ಪೆನ್ಸಿಲ್ ಸೆಲ್‌ಗಳು ಕೊನೆಯವರೆಗೂ 1.5 ವೋಲ್ಟನ್ನೇ ಕೊಟ್ಟು ಒಮ್ಮೆಲೇ ಕಟ್ ಆಗುತ್ತವೆ, ಮುನ್ಸೂಚನೆ ಸಿಗುವುದಿಲ್ಲ.

ಎರಡು ಸೆಲ್ ಹಾಕುವ ಕಡೆ ಒಂದು ಹೊಸದು, ಒಂದು ಹಳೆಯದು ಬೇಡ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಕಾರ್ಬನ್-ಜಿಂಕ್ ಸೆಲ್ ಮೌಸ್‌ಗೆ ಒಗ್ಗುವುದಿಲ್ಲ. ಅದರ ಹೊರಕವಚದ ಸತುವೇ ಬಳಕೆಯಲ್ಲಿ ಸವೆಯುವುದರಿಂದ ಮುಗಿದ ಮೇಲೆ ಒಳಗೇ ಬಿಟ್ಟರೆ ಸೋರುತ್ತದೆ. ಸೋರಿ ಸ್ಪ್ರಿಂಗ್ ಮೇಲೆ ಹಿಟ್ಟಿನಂಥ ಪದರ ಕಟ್ಟಿದ್ದರೆ ಬರಿಗೈಯಿಂದ ಮುಟ್ಟಬೇಡಿ. ಆಲ್ಕಲೈನ್ ಸೋರಿಕೆ ಕ್ಷಾರ, ಕಿವಿಗೆ ಹಾಕುವ ಹತ್ತಿಕಡ್ಡಿಗೆ ನಿಂಬೆರಸ ಅಥವಾ ವಿನೆಗರ್ ತಾಗಿಸಿ ಒರೆಸಿ. ಕಾರ್ಬನ್-ಜಿಂಕ್ ಸೋರಿಕೆ ಆಮ್ಲೀಯ, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರಿನ ತೇವ ಸಾಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಸೆಲ್ ಹಾಕಿ. ಕರಾವಳಿಯ ಮನೆಗಳಲ್ಲಿ ಸೋರಿಕೆ ಇಲ್ಲದೆಯೂ ಉಪ್ಪುಗಾಳಿಗೆ ಸ್ಪ್ರಿಂಗ್ ಮಂಕಾಗುತ್ತದೆ. ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಉಜ್ಜಿ ಹೊಳಪು ಬರಿಸಿ.

ಹೊಸ ಸಾಧನವಾದರೆ ಸೆಲ್ ಪಕ್ಕದ ಪ್ಲಾಸ್ಟಿಕ್ ಪಟ್ಟಿ ಎಳೆದಿದ್ದೀರಾ, ತಳದ ಸ್ವಿಚ್ ಆನ್ ಇದೆಯೇ, ಅಷ್ಟು ನೋಡಿದರೆ ಸಾಕು.

ಡಾಂಗಲ್ ಎಲ್ಲಿ ಚುಚ್ಚಿದ್ದೀರಿ?

ತಡವರಿಕೆಯ ದೂರುಗಳಲ್ಲಿ ಹೆಚ್ಚು ಕಡೆಗಣಿತವಾಗುವುದು ಇದೇ.

ವೈರ್‌ಲೆಸ್ ಮೌಸ್, ಬ್ಲೂಟೂತ್, ಹಳೆಯ ವೈಫೈ ಎಲ್ಲವೂ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ, ಅಂದರೆ 2.4 ಗಿಗಾಹರ್ಟ್ಸ್‌ನ, ಒಂದೇ ರೇಡಿಯೋ ಪಟ್ಟಿಯಲ್ಲಿ ಮಾತಾಡುತ್ತವೆ. ಡಾಂಗಲ್‌ನೊಳಗಿನ ಆಂಟೆನಾ ಉಗುರಿನಷ್ಟೂ ಇರುವುದಿಲ್ಲ. ಅಂಥದ್ದನ್ನು ಕಂಪ್ಯೂಟರ್ ಹಿಂಬದಿಗೆ ಚುಚ್ಚಿ, ಕ್ಯಾಬಿನೆಟನ್ನು ಮೇಜಿನಡಿ ಗೋಡೆಗೆ ಒತ್ತಿಟ್ಟರೆ ಮೌಸ್ ಮತ್ತು ಡಾಂಗಲ್ ನಡುವೆ ಕಬ್ಬಿಣದ ಪೆಟ್ಟಿಗೆ, ಮೇಜಿನ ಹಲಗೆ, ನಿಮ್ಮ ಕಾಲು ಎಲ್ಲವೂ ಅಡ್ಡ ಬರುತ್ತವೆ. ಲೋಹ ಈ ತರಂಗವನ್ನು ತಡೆಯುತ್ತದೆ, ನೀರಿನಂಶ ತುಂಬಿದ ಮೈ ಹೀರಿಕೊಳ್ಳುತ್ತದೆ. ಡಬ್ಬದ ಮೇಲೆ 10 ಮೀಟರ್ ಎಂದು ಬರೆದಿರುವುದು ಅಡ್ಡಿ ಏನೂ ಇಲ್ಲದ ಬಯಲಿನ ಲೆಕ್ಕ.

ಎರಡನೆಯ ಕಾರಣ ಇನ್ನೂ ಮುಖ್ಯ. ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ದತ್ತಾಂಶ ಸಾಗಿಸುತ್ತದೆ. ಆ ವೇಗದ ಸಂಕೇತದಿಂದ ಹೊಮ್ಮುವ ರೇಡಿಯೋ ಗದ್ದಲ ಅಗಲವಾಗಿ ಹರಡಿ ನೇರವಾಗಿ 2.4 ಗಿಗಾಹರ್ಟ್ಸ್ ಪಟ್ಟಿಯೊಳಕ್ಕೂ ಬೀಳುತ್ತದೆ. ಇಂಟೆಲ್ ಕಂಪನಿ 2012ರಲ್ಲಿ ಪ್ರಕಟಿಸಿದ ತಾಂತ್ರಿಕ ವರದಿಯಲ್ಲೇ ಇದನ್ನು ಅಳೆದು ತೋರಿಸಿದೆ. ಗದ್ದಲ ಪೋರ್ಟ್‌ನ ಬಾಯಿಯಿಂದ ಮಾತ್ರವಲ್ಲ, ಕೇಬಲ್‌ನಿಂದಲೂ ಅದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕ್‌ನಿಂದಲೂ ಬರುತ್ತದೆ. ಹಾಗಾಗಿ ಡಾಂಗಲ್ ಕಪ್ಪು ಬಣ್ಣದ ಯುಎಸ್‌ಬಿ 2.0 ಪೋರ್ಟ್‌ನಲ್ಲಿದ್ದರೂ ಪಕ್ಕದಲ್ಲೇ ಪೋರ್ಟಬಲ್ ಹಾರ್ಡ್ ಡಿಸ್ಕ್ ಇದ್ದರೆ ತೊಂದರೆ ತಪ್ಪಿದ್ದಲ್ಲ. ಜಾತ್ರೆಯ ಮೈಕಿನ ಬುಡದಲ್ಲಿ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಕಷ್ಟ ಆ ಡಾಂಗಲ್‌ನದ್ದು.

ಪರೀಕ್ಷೆ ಸುಲಭ. ಹಾರ್ಡ್ ಡಿಸ್ಕ್‌ನಿಂದ ದೊಡ್ಡ ಫೈಲೊಂದನ್ನು ಕಾಪಿಗೆ ಹಾಕಿ ಮೌಸ್ ಅಲುಗಿಸಿ. ಕಾಪಿ ಮುಗಿಸಿ, ಡಿಸ್ಕನ್ನು ಸೇಫ್ ಆಗಿ ತೆಗೆದು ಮತ್ತೆ ಅಲುಗಿಸಿ. ವ್ಯತ್ಯಾಸ ಕಂಡರೆ ಕಳ್ಳ ಸಿಕ್ಕ.

ಪರಿಹಾರ ಒಂದು ಮೀಟರ್ ಉದ್ದದ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್, ಒಂದು ತುದಿ ಗಂಡು, ಇನ್ನೊಂದು ತುದಿ ಹೆಣ್ಣು. ಅದನ್ನು ಕಪ್ಪು ಪೋರ್ಟ್‌ಗೆ ಚುಚ್ಚಿ, ಡಾಂಗಲನ್ನು ಮೇಜಿನ ಮೇಲೆ ಮೌಸ್‌ನಿಂದ 20ರಿಂದ 50 ಸೆಂಟಿಮೀಟರ್ ದೂರದಲ್ಲಿ ಕಣ್ಣಿಗೆ ಕಾಣುವಂತೆ ಇಡಿ. ಕೀಬೋರ್ಡ್‌ಗೂ ಮೌಸ್‌ಗೂ ಯುಎಸ್‌ಬಿ 3.0ದ ವೇಗ ಎಳ್ಳಷ್ಟೂ ಬೇಕಿಲ್ಲ, ಕಪ್ಪು ಪೋರ್ಟ್‌ನಿಂದ ನಷ್ಟವೇನೂ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಕೇಬಲ್ ತೊಡಕೆನಿಸಿದರೆ ಹಾರ್ಡ್ ಡಿಸ್ಕ್ ಒಂದು ಬದಿಗೆ, ಡಾಂಗಲ್ ಇನ್ನೊಂದು ಬದಿಗೆ. ಟಿವಿಗೆ ಜೋಡಿಸಿದ ಕಂಪ್ಯೂಟರ್ ಆದರೆ ಡಾಂಗಲ್ ಟಿವಿಯ ಹಿಂದೆ ಅಡಗದಂತೆ ಕೇಬಲ್ ಮುಂದಕ್ಕೆ ತನ್ನಿ.

ಇದಾದ ಮೇಲೂ ತಡವರಿಕೆ ಉಳಿದರೆ ವೈಫೈ ನೋಡಿ. ರೂಟರ್ ಡಾಂಗಲ್ ಪಕ್ಕದಲ್ಲೇ ಇದ್ದರೆ ಕನಿಷ್ಠ ಒಂದು ಮೀಟರ್ ದೂರ ಸರಿಸಿ. ಕಂಪ್ಯೂಟರನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿದರೆ ಮೌಸ್‌ಗೆ ಜಾಗ ತೆರವಾಗುತ್ತದೆ. 2.4 ಬಿಡಲಾಗದಿದ್ದರೆ ರೂಟರ್‌ನಲ್ಲಿ ಚಾನೆಲ್ ಅಗಲ 40ರ ಬದಲು 20 ಮೆಗಾಹರ್ಟ್ಸ್ ಇಡಿ, ಚಾನೆಲ್ 1 ಅಥವಾ 11 ಆಯ್ದುಕೊಳ್ಳಿ. ಮೈಕ್ರೋವೇವ್ ಒಲೆ ಕೂಡ 2.45 ಗಿಗಾಹರ್ಟ್ಸ್ ಆಸುಪಾಸಿನದ್ದೇ. ಅದು ಓಡುವ ಎರಡು ನಿಮಿಷ ಮಾತ್ರ ಮೌಸ್ ಕಂಗೆಟ್ಟರೆ ಬೇರೆ ಕಾರಣ ಹುಡುಕಬೇಕಿಲ್ಲ.

ಒಂದೇ ಅಕ್ಷರ ಸರಮಾಲೆಯಾಗಿ ಬೀಳುವುದರ ಹಿಂದೆಯೂ ಬಹಳ ಸಲ ಇದೇ ಕಾರಣ ಇರುತ್ತದೆ. ಕೀ ಒತ್ತಿದಾಗ ಒಂದು ಸಂಕೇತ, ಬಿಟ್ಟಾಗ ಇನ್ನೊಂದು ಸಂಕೇತ ಹೋಗುತ್ತದೆ. ಬಿಟ್ಟ ಸಂಕೇತ ದಾರಿಯಲ್ಲಿ ಕಳೆದುಹೋದರೆ ಕೀ ಇನ್ನೂ ಒತ್ತಿಯೇ ಇದೆ ಎಂದು ಕಂಪ್ಯೂಟರ್ ತಿಳಿಯುತ್ತದೆ. ಬೇರೆ ಬೇರೆ ಅಕ್ಷರಗಳಲ್ಲಿ ಹೀಗಾದರೆ ರೇಡಿಯೋ ದೋಷ. ಯಾವಾಗಲೂ ಅದೇ ಒಂದು ಕೀಯಲ್ಲಿ ಆದರೆ ಆ ಕೀ ಕೆಳಗೆ ಕಸ ಅಥವಾ ಚೆಲ್ಲಿದ ಕಾಫಿಯ ಅಂಟು ಇದೆ.

ಬ್ಲೂಟೂತ್‌ನದ್ದೇ ಆದ ತೊಡಕುಗಳು

ಡೆಸ್ಕ್‌ಟಾಪ್‌ನಲ್ಲಿ ಬ್ಲೂಟೂತ್ ಮೌಸ್ ಒಂದು ಗೇಣಿನೊಳಗೆ ಮಾತ್ರ ಕೆಲಸ ಮಾಡುತ್ತಿದ್ದರೆ ಕಂಪ್ಯೂಟರ್ ಹಿಂಬದಿ ನೋಡಿ. ಮದರ್‌ಬೋರ್ಡ್ ಫಲಕದಲ್ಲಿ ಚಿನ್ನದ ಬಣ್ಣದ ಎರಡು ಸಣ್ಣ ತಿರುಪುಗಳು ಬೋಳಾಗಿ ಕಂಡರೆ ಆಂಟೆನಾ ಹಾಕಿಲ್ಲ. ಆಂಟೆನಾಗಳು ಮದರ್‌ಬೋರ್ಡ್ ಡಬ್ಬದೊಳಗೇ ಉಳಿದಿರುತ್ತವೆ. ಇಂಟರ್ನೆಟ್‌ಗೆ ಲ್ಯಾನ್ ಕೇಬಲ್ ಬಳಸುವ ಮನೆಗಳಲ್ಲಿ ವೈಫೈ ಬೇಡವೆಂದು ಅದನ್ನು ಹಾಕಿರುವುದಿಲ್ಲ. ಬ್ಲೂಟೂತ್‌ಗೂ ಅದೇ ಆಂಟೆನಾ ಬೇಕು ಎಂಬುದು ಗಮನಕ್ಕೆ ಬಂದಿರುವುದಿಲ್ಲ.

ಮೌಸ್ ತಳದಲ್ಲಿ ಅಥವಾ ಕೀಬೋರ್ಡ್ ಮೇಲ್ಸಾಲಿನಲ್ಲಿ 1, 2, 3 ಎಂಬ ಗುಂಡಿಗಳಿದ್ದರೆ ಅದು ಮೂರು ಕಂಪ್ಯೂಟರ್‌ಗಳನ್ನು ನೆನಪಿಟ್ಟುಕೊಳ್ಳುವ ಸಾಧನ. ಅರಿವಿಲ್ಲದೆ 2 ಒತ್ತಿಹೋದರೆ ಅದು ನಿಮ್ಮ ಟ್ಯಾಬ್ಲೆಟ್ ಹುಡುಕುತ್ತಾ ಕೂತಿರುತ್ತದೆ. ಮೊದಲು ಬಳಸುತ್ತಿದ್ದ ಸಂಖ್ಯೆಯನ್ನು ಒಮ್ಮೆ ಒತ್ತಿ ನೋಡಿ. ಹಾಗೂ ಜೋಡಿಯಾಗದಿದ್ದರೆ ಸೆಟ್ಟಿಂಗ್ಸ್‌ನ ಬ್ಲೂಟೂತ್ ಪಟ್ಟಿಯಿಂದ ಅದನ್ನು ರಿಮೂವ್ ಮಾಡಿ, ಆ ಗುಂಡಿಯನ್ನು ದೀಪ ವೇಗವಾಗಿ ಮಿನುಗುವವರೆಗೆ ಒತ್ತಿಹಿಡಿದು ಹೊಸದಾಗಿ ಸೇರಿಸಿ. ಕೀಬೋರ್ಡ್ ಆದರೆ ಪರದೆಯ ಮೇಲೆ ಅಂಕಿ ಕಾಣಿಸುತ್ತದೆ. ಅದನ್ನು ಆ ಕೀಬೋರ್ಡ್‌ನಲ್ಲೇ ಟೈಪ್ ಮಾಡಿ ಎಂಟರ್ ಒತ್ತಬೇಕು. ಎಂಟರ್ ಮರೆತರೆ ಜೋಡಣೆ ವಿಫಲವಾಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಗುಂಡಿಯೇ ಕಾಣೆಯಾದರೆ ಶಟ್‌ಡೌನ್ ಮಾಡಿ ಆನ್ ಮಾಡುವುದರಿಂದ ಫಲವಿಲ್ಲದಿರಬಹುದು. ಫಾಸ್ಟ್ ಸ್ಟಾರ್ಟಪ್ ಇರುವ ವಿಂಡೋಸ್ ಮಾಮೂಲು ಶಟ್‌ಡೌನ್‌ನಲ್ಲಿ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕ್‌ಗೆ ಉಳಿಸಿಕೊಂಡು ಮರುದಿನ ಹಾಗೇ ಎತ್ತಿಕೊಳ್ಳುತ್ತದೆ, ಹಳೆಯ ಗೊಂದಲದ ಸಮೇತ. ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನನ್ನು 15 ಸೆಕೆಂಡ್ ಒತ್ತಿಹಿಡಿದು, ಆಮೇಲೆ ಆನ್ ಮಾಡಿ. ಕರೆಂಟ್ ಹೋಗಿ ಬಂದು ಡಾಂಗಲ್ ಬೆಪ್ಪಾಗಿ ಕೂತಾಗಲೂ ಇದೇ ಮದ್ದು.

ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದರೆ ಒಂದರಲ್ಲಿ ಜೋಡಿಸಿದ ಬ್ಲೂಟೂತ್ ಮೌಸ್ ಇನ್ನೊಂದರಲ್ಲಿ ಬಿಟ್ಟುಹೋಗುವುದು ಸಹಜ. ಜೋಡಣೆಯ ಗುಪ್ತ ಸಂಖ್ಯೆ ಆಯಾ ಸಿಸ್ಟಂನಲ್ಲಿ ಉಳಿಯುತ್ತದೆ, ಕೊನೆಯಲ್ಲಿ ಜೋಡಿಸಿದ್ದನ್ನಷ್ಟೇ ಮೌಸ್ ಒಪ್ಪುತ್ತದೆ. ವಿಂಡೋಸ್ ತೆರೆಯುವ ಮೊದಲೇ ಬರುವ ಬಯೋಸ್ ಪರದೆಯಲ್ಲೂ ಬ್ಲೂಟೂತ್ ಕೀಬೋರ್ಡ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಡಾಂಗಲ್ ಕೀಬೋರ್ಡ್‌ಗೆ ಈ ಎರಡೂ ಕಾಟವಿಲ್ಲ. ಮನೆಯ ಡೆಸ್ಕ್‌ಟಾಪ್‌ಗೆ ಡಾಂಗಲ್ ಸೆಟ್ಟೇ ಮೇಲು ಎನ್ನಲು ಇದೊಂದು ಗಟ್ಟಿ ಕಾರಣ.

ಡಾಂಗಲ್ ಅದಲುಬದಲಾದಾಗ

ಮನೆಯಲ್ಲಿ ಒಂದೇ ಮಾದರಿಯ ಎರಡು ಮೌಸ್‌ಗಳಿದ್ದರೆ ಡಾಂಗಲ್‌ಗಳು ಅದಲುಬದಲಾಗುವುದು ಖಂಡಿತ. ನೋಡಲು ಒಂದೇ ಥರ ಇದ್ದರೂ ಪ್ರತಿ ಡಾಂಗಲ್ ತನ್ನ ಜೋಡಿಯನ್ನು ಮಾತ್ರ ಗುರುತಿಸುತ್ತದೆ. ಮಾರ್ಕರ್‌ನಿಂದ ಎರಡರ ಮೇಲೂ ಗುರುತು ಹಾಕಿಡಿ.

ಲಾಜಿಟೆಕ್‌ನವುಗಳಲ್ಲಿ ಕಿತ್ತಳೆ ಬಣ್ಣದ ನಕ್ಷತ್ರದಂಥ ಗುರುತು ಇದ್ದರೆ ಅದು ಯೂನಿಫೈಯಿಂಗ್ ರಿಸೀವರ್. ಒಂದಕ್ಕೇ ಆರು ಸಾಧನಗಳನ್ನು ಜೋಡಿಸಬಹುದು, ಕಳೆದರೆ ಬೇರೊಂದನ್ನು ತಂದು ಹೊಂದಿಸಬಹುದು. 2021ರಲ್ಲಿ ಬಂದ ಬೋಲ್ಟ್ ರಿಸೀವರ್‌ಗೂ ಆರೇ ಸಾಧನ, ಆದರೆ ಯೂನಿಫೈಯಿಂಗ್ ಮೌಸ್ ಬೋಲ್ಟ್‌ಗೆ ಹೊಂದುವುದಿಲ್ಲ, ಬೋಲ್ಟ್ ಮೌಸ್ ಯೂನಿಫೈಯಿಂಗ್‌ಗೂ ಹೊಂದುವುದಿಲ್ಲ. ಕೊಳ್ಳುವ ಮುನ್ನ ಮೌಸ್ ತಳದ ಗುರುತು ನೋಡಿಕೊಳ್ಳಿ. ಅಗ್ಗದ ಸೆಟ್‌ಗಳಲ್ಲಿ ಜೋಡಿ ಕಾರ್ಖಾನೆಯಲ್ಲೇ ಬರೆದಿರುತ್ತದೆ. ಡಾಂಗಲ್ ಕಳೆದರೆ ಮೌಸ್ ಇದ್ದೂ ಇಲ್ಲದಂತೆ. ಡಾಂಗಲ್ ಇದ್ದು ಜೋಡಿ ಮಾತ್ರ ತಪ್ಪಿದ್ದರೆ ಕೆಲವು ಸೆಟ್‌ಗಳಲ್ಲಿ ಮರಳಿ ಜೋಡಿಸಲು ಅವಕಾಶವಿದೆ: ಡಾಂಗಲ್ ಚುಚ್ಚಿದ ಕೂಡಲೇ ಮೌಸನ್ನು ಅದರ ಪಕ್ಕದಲ್ಲಿಟ್ಟು ನಿರ್ದಿಷ್ಟ ಗುಂಡಿಗಳನ್ನು ಒತ್ತಿಹಿಡಿಯಬೇಕು. ಯಾವ ಗುಂಡಿ ಎಂಬುದು ಡಬ್ಬದೊಳಗಿನ ಹಾಳೆಯಲ್ಲಿರುತ್ತದೆ.

ಡ್ರಾಯರ್‌ನಲ್ಲಿ ಸಿಕ್ಕ ಹಳೆಯ ಡಾಂಗಲನ್ನು ಮತ್ತೆ ಬಳಸುವವರು ಗಮನಿಸಿ. ಬ್ಲೂಟೂತ್ ಅಲ್ಲದ ಹಲವು ಕಂಪನಿಗಳ ಡಾಂಗಲ್‌ಗಳಿಗೆ ದೂರದಿಂದಲೇ ಕಳ್ಳ ಕೀ-ಒತ್ತುಗಳನ್ನು ನುಗ್ಗಿಸಬಹುದು ಎಂದು 2016ರಲ್ಲಿ ಸಂಶೋಧಕರು ತೋರಿಸಿದರು. ಆ ದೋಷಕ್ಕೆ ಮೌಸ್‌ಜ್ಯಾಕ್ ಎಂಬ ಹೆಸರಿದೆ. ಕಂಪನಿಯ ತಾಣದಲ್ಲಿ ಡಾಂಗಲ್‌ಗೆ ಫರ್ಮ್‌ವೇರ್ (ಡಾಂಗಲ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಇದ್ದರೆ ಹಾಕಿಕೊಳ್ಳಿ. ಅಪ್‌ಡೇಟ್ ಆಗುವಾಗ ಡಾಂಗಲ್ ನೇರ ಪೋರ್ಟ್‌ನಲ್ಲಿರಲಿ, ನಡುವೆ ಕೀಳಬೇಡಿ.

ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದರೆ ಎಚ್ಚರವಾಗುವುದಿಲ್ಲ

ಅಗ್ಗದ ಮೌಸ್‌ಗಳು ಸೆಲ್ ಉಳಿಸಲು ನಿದ್ದೆ ಹೋಗುತ್ತವೆ, ಕೆಲವು ಅಲುಗಿಸಿದರೆ ಏಳುವುದಿಲ್ಲ, ಕ್ಲಿಕ್ ಮಾಡಬೇಕು. ಅದು ದೋಷವಲ್ಲ. ಕ್ಲಿಕ್ ಮಾಡಿದರೂ ಹಲವು ಸೆಕೆಂಡ್ ಸತ್ತಂತಿದ್ದರೆ ವಿಂಡೋಸ್ ಪೋರ್ಟನ್ನೇ ಮಲಗಿಸಿದೆ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಬಳಿಕ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಅಡಿಯಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್‌ನ ಪ್ರಾಪರ್ಟೀಸ್‌ಗೆ ಹೋಗಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ವಿದ್ಯುತ್ ಉಳಿಸಲು ಸಾಧನ ಆಫ್ ಮಾಡುವ ಮೊದಲ ಟಿಕ್ ತೆಗೆಯಿರಿ. ಆ ಟ್ಯಾಬ್ ಕಾಣದಿದ್ದರೆ ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಹುಡುಕಿ, ಇದ್ದರೆ ಡಿಸೇಬಲ್ ಮಾಡಿ.

ಕೀಬೋರ್ಡ್ ಕೆಟ್ಟಿಲ್ಲ, ಸೆಟ್ಟಿಂಗ್ ಬದಲಾಗಿದೆ

ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿಹಿಡಿದರೆ ಫಿಲ್ಟರ್ ಕೀಸ್ ಆನ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಓದದೆ ಎಂಟರ್ ಒತ್ತಿದರೆ ಆಯಿತು, ಅಲ್ಲಿಂದಾಚೆ ವೇಗವಾಗಿ ಒತ್ತಿದ ಕೀಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೆಲ್ ಹೋಗಿದೆ ಎಂದು ತೋರುವ ಈ ಲಕ್ಷಣಕ್ಕೆ ಮದ್ದು ಆಕ್ಸೆಸಿಬಿಲಿಟಿಯ ಕೀಬೋರ್ಡ್ ಪುಟದಲ್ಲಿದೆ. ಫಿಲ್ಟರ್ ಕೀಸ್, ಸ್ಟಿಕಿ ಕೀಸ್ ಎರಡನ್ನೂ ಆಫ್ ಮಾಡಿ. ಬಲಬದಿಯ ಅಂಕಿಗಳು ಬಾಣದಂತೆ ವರ್ತಿಸಿದರೆ ನಮ್ ಲಾಕ್ ಆಫ್ ಆಗಿದೆ. ಅಟ್ ಚಿಹ್ನೆಯ ಜಾಗದಲ್ಲಿ ಉದ್ಧರಣ ಚಿಹ್ನೆ ಬಂದರೆ ಬ್ರಿಟನ್ನಿನ ಲೇಔಟ್ ಕೂತಿದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಬದಲಿಸಿ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ತೊಡಕಿದೆ. ನುಡಿ ತಂತ್ರಾಂಶದಲ್ಲಿ ಕನ್ನಡಕ್ಕೂ ಇಂಗ್ಲಿಷ್‌ಗೂ ಹೊರಳುವುದು ಸ್ಕ್ರೋಲ್ ಲಾಕ್ ಕೀಯಿಂದ. ಪುಟ್ಟ ವೈರ್‌ಲೆಸ್ ಕೀಬೋರ್ಡ್‌ಗಳಲ್ಲಿ ಆ ಕೀಯನ್ನೇ ಬಿಟ್ಟಿರುತ್ತಾರೆ, ಇಲ್ಲವೇ ಎಫ್‌ಎನ್ ಜೊತೆ ಬೇರೊಂದು ಕೀಗೆ ಅಂಟಿಸಿರುತ್ತಾರೆ. ಹೊಸ ಕೀಬೋರ್ಡ್‌ನಲ್ಲಿ ಕನ್ನಡ ಬರುತ್ತಿಲ್ಲ ಎಂಬ ದೂರಿನ ಮೂಲ ಇದು. ಆನ್-ಸ್ಕ್ರೀನ್ ಕೀಬೋರ್ಡ್ ತೆರೆದರೆ ಅದರಲ್ಲಿ ಸ್ಕ್ರೋಲ್ ಲಾಕ್ ಇದೆ. ಮೌಸ್‌ನಿಂದ ಅದನ್ನೊತ್ತಿ ಕೆಲಸ ಸಾಗಿಸಬಹುದು. ಎಕ್ಸೆಲ್‌ನಲ್ಲಿ ಬಾಣದ ಕೀ ಒತ್ತಿದಾಗ ಚೌಕ ಬದಲಾಗದೆ ಇಡೀ ಹಾಳೆ ಸರಿದರೆ ಸ್ಕ್ರೋಲ್ ಲಾಕ್ ಆನ್ ಉಳಿದಿದೆ ಎಂದೇ ಅರ್ಥ.

ಮೌಸ್‌ನ ಒಳಗಿನ ಸವೆತ

ಕರ್ಸರ್ ತಾನಾಗಿಯೇ ನಡುಗಿದರೆ ಮೌಸ್ ತಿರುಗಿಸಿ ಸೆನ್ಸರ್ ರಂಧ್ರ ನೋಡಿ. ಒಂದು ಕೂದಲೆಳೆ ಸಾಕು ಕಾಟ ಕೊಡಲು. ಗಾಳಿ ಊದಿ ತೆಗೆಯಿರಿ. ಗಾಜಿನ ಮೇಜು, ಕನ್ನಡಿಯಂತೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಮೇಲೆ ಸಾಮಾನ್ಯ ಸೆನ್ಸರ್ ದಾರಿ ತಪ್ಪುತ್ತದೆ. ಕೆಳಗೊಂದು ದಿನಪತ್ರಿಕೆ ಹಾಸಿ ಪರೀಕ್ಷಿಸಿ, ಸರಿಹೋದರೆ ಪ್ಯಾಡ್ ಕೊಳ್ಳಿ. ದೀಪವೇ ಕಾಣದ ಮೌಸ್ ಸತ್ತಿದೆ ಎಂದಲ್ಲ, ಇನ್‌ಫ್ರಾರೆಡ್ ಇರಬಹುದು. ಫೋನಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಮಸುಕಾದ ನೇರಳೆ ಬೆಳಕು ಕಾಣುವುದುಂಟು.

ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುವುದು ಎಡಗುಂಡಿಯ ಕೆಳಗಿನ ಮೈಕ್ರೋಸ್ವಿಚ್ ಸವೆದ ಲಕ್ಷಣ. ಒಳಗಿನ ತೆಳು ತಾಮ್ರದ ಪಟ್ಟಿ ಬಿಗಿ ಕಳೆದುಕೊಂಡು ಒಂದೇ ಒತ್ತಿಗೆ ಪುಟಿಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ನಾಲ್ಕೈದು ಸಾಲು ಎಳೆದು ಸೆಲೆಕ್ಟ್ ಮಾಡಿ. ಗುಂಡಿ ಬಿಡದಿದ್ದರೂ ಆಯ್ಕೆ ನಡುವೆ ಕಡಿದುಹೋದರೆ ಸ್ವಿಚ್ಚೇ. ಫೋಲ್ಡರ್‌ಗಳು ಮಾತ್ರ ಒಂದೇ ಕ್ಲಿಕ್‌ಗೆ ತೆರೆಯುತ್ತಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಸಿಂಗಲ್ ಕ್ಲಿಕ್ ಆಯ್ಕೆ ಆಗಿದೆ, ಮೌಸ್‌ಗೆ ಏನೂ ಆಗಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಕೆಲ ದಿನ ಸುಧಾರಿಸಬಹುದು. ನಿಜವಾದ ರಿಪೇರಿ ಎಂದರೆ ಸ್ವಿಚ್ ಬದಲಿಸುವುದು. ತಿರುಪುಗಳು ತಳದ ನುಣುಪು ಪಟ್ಟಿಗಳ ಕೆಳಗೆ ಅಡಗಿರುತ್ತವೆ. ಮೂರು ಕಾಲಿನ ಓಮ್ರಾನ್ ಡಿ2ಎಫ್‌ಸಿ ಜಾತಿಯ ಸ್ವಿಚ್ ಬಹಳ ಮೌಸ್‌ಗಳಿಗೆ ಕೂರುತ್ತದೆ. ಹಳೆಯದರ ಮೇಲಿನ ಬರಹ ನೋಡಿ ಅದನ್ನೇ ತನ್ನಿ. ಸೋಲ್ಡರಿಂಗ್ ಕೈವಶವಿದ್ದವರಿಗೆ ಅರ್ಧ ಗಂಟೆಯ ಕೆಲಸ. ಇಲ್ಲದವರು ದುಬಾರಿ ಮೌಸ್ ಆದರೆ ಮಾತ್ರ ರಿಪೇರಿ ಅಂಗಡಿಗೆ ಒಯ್ಯಿರಿ, ಅಗ್ಗದ್ದಕ್ಕೆ ಕೂಲಿಯೇ ಮೌಸ್‌ನ ಬೆಲೆಯಾದೀತು.

ಚಕ್ರ ಕೆಳಗೆ ತಿರುಗಿಸಿದರೆ ಪುಟ ಮೇಲಕ್ಕೆ ಹಾರುವುದು ಚಕ್ರದ ತಿರುಗುವಿಕೆ ಗುರುತಿಸುವ ಭಾಗವಾದ ಎನ್‌ಕೋಡರ್‌ನೊಳಗೆ ಧೂಳು ಕೂತಾಗ. ಸೆಲ್ ತೆಗೆದು, ಚಕ್ರದ ಸಂದಿಗೆ ಗಾಳಿ ಊದಿ, ಹತ್ತಿಪ್ಪತ್ತು ಸಲ ಎರಡೂ ಕಡೆಗೆ ರಭಸವಾಗಿ ತಿರುಗಿಸಿ. ಬಗ್ಗದಿದ್ದರೆ ಮೌಸ್ ಬಿಚ್ಚಿ ಅಚ್ಚಿಗೆ ಸುತ್ತಿದ ಕೂದಲು ಬಿಡಿಸಿ, ಎನ್‌ಕೋಡರ್ ಬಾಯಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು, ಒಣಗಿದ ಮೇಲೆ ಸೆಲ್ ಹಾಕಿ ನೋಡಿ.